ಬಣ್ಣದ ರೋಲರಿಗೆ ಒಂದು ಹೆರೆಪಟ್ಟಿ

ಬೇಸಾಯದ ಪುಟದಲ್ಲಿ ಗೋಡೆಗೆ ಬಣ್ಣ ಬಳಿಯುವ ರೋಲರಿನ ಮಾತೇಕೆ ಎಂದು ಕೇಳುವ ರೈತಬಾಂಧವರು ಇದ್ದೇ ಇರುತ್ತಾರೆ. ಬೇಸಿಗೆಯಲ್ಲಿ ಒಂದು ಕೊಡ ನೀರಿನ ಬೆಲೆ ಬಲ್ಲವರು ಯಾರು? ನಾವೇ. ಮಗನು ಗುಳೆ ಹೋಗಿ ಪಟ್ಟಣದಲ್ಲಿ ಬಣ್ಣದ ಕೆಲಸ ಕಲಿತು, ಹಬ್ಬಕ್ಕೆ ಬಂದಾಗ ಮನೆಯ ಗೋಡೆಗೂ ಬಂಡಿಗೂ ಬಣ್ಣ ಹಾಕಿ, ಉಳಿದ ಡಬ್ಬಿಯನ್ನು ಗೋದಲಿಯ ಪಕ್ಕದಲ್ಲಿಟ್ಟು ಮರೆಯುವುದು ಯಾರ ಮನೆಯಲ್ಲಿ? ಅದೂ ನಮ್ಮ ಮನೆಯಲ್ಲೇ. ಆದುದರಿಂದ ಈ ಸಣ್ಣ ಸಲಕರಣೆಯ ವಿಚಾರವನ್ನು ಇಲ್ಲಿಯೇ ಬರೆಯುವುದು ತಕ್ಕದ್ದೆಂದು ತೋರಿತು.

ಸಂಗತಿ ನಡೆದದ್ದು ಚಿಪ್ಪಗಿರಿಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಆಲೂರು, ಆದವಾನಿ ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ವಿಜಯದಾಸರ ಕಟ್ಟೆಯಿರುವ ಚಿಪ್ಪಗಿರಿ ಈ ಸೀಮೆಯದೇ ಊರು. ಎರೆ ಹೊಲ, ಹತ್ತಿ, ಜೋಳ, ಮಳೆ ಬಂದರೆ ಬೆಳೆ. ಸುಗ್ಗಿ ಮುಗಿದ ಮೇಲೆ ಈ ಕಡೆಯ ಹಳ್ಳಿಗಳಿಂದ ಬೆಂಗಳೂರು, ಹೈದರಾಬಾದು, ಗುಂಟೂರುಗಳಿಗೆ ಗುಳೆ ಹೋಗುವವರು ಎಷ್ಟು ಮಂದಿಯೆಂದು ನಿಮಗೆ ಹೇಳಿ ತಿಳಿಸಬೇಕಾಗಿಲ್ಲ. ನನ್ನ ಅಳಿಯನೂ ಹಾಗೆ ಬೆಂಗಳೂರಿಗೆ ಹೋಗಿ ಬಣ್ಣದ ಕೆಲಸ ಕಲಿತು ಬಂದವನು.

ಮನೆಯಲ್ಲಿ ಮದುವೆ ಇತ್ತು, ಬಿರು ಬೇಸಿಗೆ. ಹುಡುಗ ಮೂರು ದಿನದಲ್ಲಿ ಮನೆಯನ್ನೆಲ್ಲ ಬೆಳಗಿಸಿದ. ಆದರೆ ಪ್ರತಿದಿನ ಸಂಜೆ ರೋಲರು ತೊಳೆಯಲು ಅವನಿಗೆ ಎರಡು ಕೊಡ ನೀರು ಬೇಕು. ಮೊದಲ ದಿನ ಅಕ್ಕ ಸುಮ್ಮನಿದ್ದಳು. ಎರಡನೆಯ ದಿನ ತಡೆಯಲಿಲ್ಲ.

“ದನಕ್ಕೇ ನೀರು ಸಾಲ್ತಿಲ್ಲ. ನಿನ್ನ ರೋಲರಿಗೆ ಎರಡು ಕೊಡ ಬೇಕೇನೋ?”

“ಹಂಗಾದ್ರೆ ಬಿಸಾಕಿ ಬಿಡ್ತೀನಿ ಬಿಡವ್ವ. ಬೆಳಿಗ್ಗೆ ಗುಂತಕಲ್ಲಿಗೆ ಹೋಗಿ ಹೊಸಾದು ತಂದ್ರಾಯ್ತು.”

“ರೊಕ್ಕ ನಿಮ್ಮ ಮಾವ ಕೊಡ್ತಾನೇನು?”

ಮಾವನೆಂದರೆ ನಾನು. ರೊಕ್ಕ ಕೊಡುವುದಕ್ಕಿಂತ ಬೇರೆ ದಾರಿ ಹುಡುಕುವುದು ಮೇಲೆಂದು ನನಗೆ ಆಗಲೇ ತೋಚಿತು.

ರೋಲರಿನೊಳಗೆ ಬಣ್ಣ ಎಷ್ಟು?

ಮೊದಲು ರೋಲರೆಂದರೇನೆಂದು ನೋಡೋಣ. ಕೆನಡಾ ದೇಶದ ಟೊರಾಂಟೋ ನಗರದ ನಾರ್ಮನ್ ಬ್ರೇಕಿ ಎಂಬವನು 1940ರಲ್ಲಿ ಇದನ್ನು ಮಾಡಿದನೆಂದು ಹೇಳುತ್ತಾರೆ. ಪಾಪ, ಅವನ ಉಪಾಯವನ್ನು ಬೇರೆಯವರು ಮಾಡಿ ಮಾರಿದರು, ಅವನಿಗೆ ಹೆಚ್ಚಿನ ಲಾಭವಾಗಲಿಲ್ಲ. ಒಂದು ಕೊಳವೆ, ಅದರ ಮೇಲೆ ಕುರಿಯ ಉಣ್ಣೆಯಂತೆ ನಿಂತ ನೂಲಿನ ಕುಚ್ಚು, ಒಳಗೆ ತಂತಿಯ ಹಿಡಿ. ಇಷ್ಟೇ. ಕುಂಚವು ಬಣ್ಣವನ್ನು ತುದಿಯಲ್ಲಿ ಹಿಡಿಯುತ್ತದೆ. ರೋಲರು ಬಣ್ಣವನ್ನು ಕುಡಿಯುತ್ತದೆ. ಕೆಲಸ ಬೇಗನೆ ಸಾಗುವುದೂ ಅದರಿಂದಲೇ, ತೊಳೆಯುವುದು ತ್ರಾಸವಾಗುವುದೂ ಅದರಿಂದಲೇ.

ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ದೊರೆಯುವ 9 ಅಂಗುಲದ ರೋಲರು ಸುಮಾರು 23 ಸೆಂಟಿಮೀಟರ್ ಉದ್ದ. ನಮ್ಮ ರೋಲರಿನ ಕೊಳವೆಯ ಹೊರಗಿನ ಅಡ್ಡಳತೆ 43 ಮಿಲಿಮೀಟರ್, ಕುಚ್ಚಿನ ಎತ್ತರ 10 ಮಿಲಿಮೀಟರ್. ಕೊಳವೆಯ ಸುತ್ತ ಕುಚ್ಚು ನಿಂತ ಜಾಗ ಮುಕ್ಕಾಲು ಪಾಲು ಅರ್ಧ ಲೀಟರಿನಷ್ಟಾಗುತ್ತದೆ. ಅದರಲ್ಲಿ ನೂಲು, ಗಾಳಿ ಕಳೆದು ಅರ್ಧ ಮಾತ್ರ ಬಣ್ಣವೆಂದು ಹಿಡಿದರೂ 200 ಮಿಲಿಲೀಟರಿಗೆ ಹತ್ತಿರ. ಅಂದರೆ ನಾವು ಪ್ರತಿ ಸಂಜೆ ಒಂದು ದೊಡ್ಡ ಲೋಟ ಬಣ್ಣವನ್ನು ರೊಕ್ಕ ಕೊಟ್ಟು ತಂದು, ಅದನ್ನು ಹೊರಹಾಕಲು ಎರಡು ಕೊಡ ನೀರನ್ನೂ ಕೊಟ್ಟು, ಎರಡನ್ನೂ ಸೇರಿಸಿ ಬಚ್ಚಲಿಗೆ ಚೆಲ್ಲುತ್ತಿದ್ದೆವು!

ನೀರಿಗೆ ಮುಂಚೆ ಹೆರೆಯಬೇಕು. ಮಾತು ಇಷ್ಟೇ, ಆದರೆ ಏತರಿಂದ ಹೆರೆಯುವುದು? ಅಳಿಯ ಚಾಕುವಿನ ಬೆನ್ನಿನಿಂದ ಒತ್ತಿ ತೋರಿಸಿದ. ದುಂಡಗಿನ ವಸ್ತುವಿಗೆ ನೆಟ್ಟನೆಯ ಅಲಗು ತಾಗುವುದು ಒಂದು ಗೆರೆಯಷ್ಟು ಮಾತ್ರ. ಇಪ್ಪತ್ತು ಸಲ ಎಳೆದರೂ ಎಳೆಯದ ಜಾಗ ಉಳಿದೇ ಉಳಿಯುತ್ತದೆ, ಕುಚ್ಚೂ ಕಿತ್ತು ಬರುತ್ತದೆ. ತೆಂಗಿನ ಕರಟದ ಅಂಚಿನಿಂದ ನೋಡಿದೆವು. ಕರಟದ ದುಂಡು ದೊಡ್ಡದು, ರೋಲರು ಸಣ್ಣದು.

ಹಾಗಿದ್ದರೆ ಪೂರ್ತಿ ಉಂಗುರವನ್ನೇ ಮಾಡಿಸೋಣ, ಒಂದೇ ಎಳೆತಕ್ಕೆ ಸುತ್ತಲೂ ಹಿಂಡೀತು ಎಂದು ನಾನು ಹೇಳಿದೆ. ಕಮ್ಮಾರರ ಮನೆಯಿಂದ ಬಳೆ ತಂದು ತೊಡಿಸಿ ಎಳೆದರೆ, ಬಳೆಯ ಜೊತೆಗೆ ರೋಲರಿನ ಕೊಳವೆಯೇ ಹಿಡಿಯಿಂದ ಕಳಚಿ ಡಬ್ಬಿಯೊಳಕ್ಕೆ ಬಿತ್ತು. ಬಣ್ಣ ನನ್ನ ಪಂಚೆಗೆಲ್ಲ ಸಿಡಿಯಿತು. ಅಕ್ಕ ನಕ್ಕದ್ದು ಆ ದಿನ ಅದೊಂದೇ ಸಲ.

ಆದರೂ ಆ ಬಳೆಯಿಂದ ಒಂದು ಪಾಠವಾಯಿತು. ಸುತ್ತಲೂ ಒಮ್ಮೆಲೇ ಹಿಂಡಿದರೆ ಎಳೆತ ಹೆಚ್ಚು, ಕೊಳವೆ ನಿಲ್ಲದು. ಅರ್ಧ ಸುತ್ತು ಹಿಂಡಿ, ತಿರುಗಿಸಿ, ಮತ್ತೆ ಹಿಂಡುವುದೇ ಸರಿ. ಹಾಗಾಗಿ ಪಟ್ಟಿಯ ತುದಿಯಲ್ಲಿ ಅರ್ಧಚಂದ್ರದ ಕಚ್ಚು ಇರಬೇಕು. ಪಟ್ಟಣದ ಅಂಗಡಿಗಳಲ್ಲಿ ಬಣ್ಣದವರಿಗೆಂದು ಮಾರುವ ಬಹೂಪಯೋಗಿ ಕೈಪಟ್ಟಿಯಲ್ಲಿಯೂ ಇಂಥದೊಂದು ಕಚ್ಚು ಉಂಟು. ಆದರೆ ಆ ಕಚ್ಚಿನ ಅಳತೆ ನಿಮ್ಮ ರೋಲರಿಗೆ ಹೊಂದಬೇಕೆಂಬ ನಿಯಮವೇನಿಲ್ಲ. ಅಳತೆ ತಪ್ಪಿದರೆ ಈ ಸಲಕರಣೆಗೂ ಚಾಕುವಿಗೂ ವ್ಯತ್ಯಾಸವಿಲ್ಲ.

ಕಚ್ಚಿನ ಅಳತೆ

ಕಚ್ಚು ಕುಚ್ಚಿನ ಮೈಗಿಂತ ದೊಡ್ಡದಾದರೆ ಒತ್ತಡವೇ ಬೀಳದು. ಕೊಳವೆಗೆ ಸಮವಾದರೆ ಸಿಕ್ಕಿಕೊಂಡು ಕುಚ್ಚಿನ ಬುಡವನ್ನೇ ಕೀಳುತ್ತದೆ. ಇವೆರಡರ ನಡುವೆ ನಿಲ್ಲಬೇಕು. ನಾವು ಕಂಡುಕೊಂಡ ಸುಲಭ ಸೂತ್ರವಿದು: ಕೊಳವೆಯ ಹೊರ ಅಡ್ಡಳತೆಗೆ ಒಂದು ಕಡೆಯ ಕುಚ್ಚಿನ ಎತ್ತರವನ್ನು ಕೂಡಿಸಿರಿ, ಬಂದದ್ದೇ ಕಚ್ಚಿನ ಅಡ್ಡಳತೆ. ನಮ್ಮದರಲ್ಲಿ 43ಕ್ಕೆ 10 ಸೇರಿ 53 ಮಿಲಿಮೀಟರ್. ಆಗ ಕುಚ್ಚು ಎಲ್ಲ ಕಡೆಯೂ ಅರ್ಧಕ್ಕೆ ತಗ್ಗುತ್ತದೆ. ಬಣ್ಣ ಹೊರಬರುತ್ತದೆ, ನೂಲು ಉಳಿಯುತ್ತದೆ.

ಕೊಳವೆಯ ಅಳತೆ ತಿಳಿಯುವುದು ಹೇಗೆ? ಅದರ ತುದಿಯಲ್ಲಿ ಕುಚ್ಚನ್ನು ಬೆರಳಿನಿಂದ ಸರಿಸಿ ಬುಡಕ್ಕೆ ಒಂದು ದಾರ ಸುತ್ತಿ, ದಾರದ ಉದ್ದವನ್ನು ಅಳೆದು, 7ರಿಂದ ಗುಣಿಸಿ 22ರಿಂದ ಭಾಗಿಸಿದರೆ ಅಡ್ಡಳತೆ ಬರುತ್ತದೆ. ಶಾಲೆಗೆ ಹೋಗುವ ಮಗುವಿನ ಕೈಗೆ ಕೊಟ್ಟರೆ ಸಂತೋಷವಾಗಿ ಮಾಡಿಕೊಡುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಒಣ ರೋಲರಿಗೆ ಇಟ್ಟು ನೋಡಿ, ಆಮೇಲೆ ಕಬ್ಬಿಣಕ್ಕೆ ಹೋಗತಕ್ಕದ್ದು. ನಾವು ರಟ್ಟನ್ನು ಮೂರು ಸಲ ಕತ್ತರಿಸಿದೆವು. ಕಬ್ಬಿಣವನ್ನು ಮೂರು ಸಲ ಕತ್ತರಿಸಿದ್ದರೆ ಕಮ್ಮಾರರು ನಮ್ಮನ್ನು ಅಂಗಳದಿಂದ ಹೊರಗೆ ಅಟ್ಟುತ್ತಿದ್ದರು.

ಪಟ್ಟಿ ಎರಡು ಮಿಲಿಮೀಟರ್ ದಪ್ಪ, ಎಂಟು ಸೆಂಟಿಮೀಟರ್ ಅಗಲ, ಒಂದು ಗೇಣು ಉದ್ದ ಇದ್ದರೆ ಸಾಕು. ಇದಕ್ಕಿಂತ ತೆಳುವಾದರೆ ಬಾಗುತ್ತದೆ, ದಪ್ಪವಾದರೆ ಕೈ ನೋಯುತ್ತದೆ. ಕಚ್ಚಿನ ಆಳ ಪೂರ್ತಿ ಅರ್ಧ ವೃತ್ತಕ್ಕಿಂತ ತುಸು ಕಡಿಮೆ, ಎರಡು ಸೆಂಟಿಮೀಟರ್ ಮೇಲೆ ಸ್ವಲ್ಪ. ಹಾಗಿದ್ದರೆ ರೋಲರು ಕಚ್ಚಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕಚ್ಚಿನ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಸಬೇಕು. ಇಲ್ಲಿ ಕಮ್ಮಾರರಿಗೂ ನನಗೂ ಸಣ್ಣ ಚರ್ಚೆಯಾಯಿತು. ಅಂಚು ಹರಿತವಾಗಿರಬೇಕೆಂದು ಅವರು. ಕುಡುಗೋಲು ಮಾಡಿದ ಕೈ, ಮೊಂಡು ಅಂಚು ಮಾಡಲು ಒಪ್ಪದು! ಹೆರೆಯುವುದೆಂದರೆ ಇಲ್ಲಿ ಕತ್ತರಿಸುವುದಲ್ಲ, ಹಸುವಿನ ಕೆಚ್ಚಲಿನಿಂದ ಹಾಲು ಇಳಿಸಿದ ಹಾಗೆ ಇಳಿಸುವುದು ಎಂದು ಹೇಳಿದ ಮೇಲೆ ಒಪ್ಪಿದರು. ಹರಿತವನ್ನು ಪಟ್ಟಿಯ ಇನ್ನೊಂದು ತುದಿಗೆ ಕೊಟ್ಟು ತಮ್ಮ ಮನಸ್ಸಿನ ಸಮಾಧಾನ ಮಾಡಿಕೊಂಡರು. ಆ ತುದಿ ಗೋಡೆಯ ಹಳೆಯ ಸುಣ್ಣದ ಹಕ್ಕಳೆ ಕೀಳಲು ಬರುತ್ತದೆ. ನಡುವೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಕೈ ಜಾರದು. ‘ಹೆರೆಪಟ್ಟಿ’ ಎಂಬ ಹೆಸರೂ ಅವರದೇ.

ಹೆರೆಯುವ ರೀತಿಯನ್ನೂ ಹೇಳಿಬಿಡುತ್ತೇನೆ. ಅಗಲವಾದ ಖಾಲಿ ಬುಟ್ಟಿಯೊಳಗೆ ರೋಲರಿನ ತುದಿಯನ್ನು ತಳಕ್ಕೆ ಊರಿ ನೆಟ್ಟಗೆ ಹಿಡಿಯಬೇಕು. ತುದಿ ಊರಿದ್ದರೆ ಕೊಳವೆ ಕಳಚುವುದಿಲ್ಲ. ಕಚ್ಚನ್ನು ಮೇಲ್ಗಡೆ ಇಟ್ಟು, ಮೊದಲ ಸಲ ಹಗುರವಾಗಿ, ಎರಡನೆಯ ಸಲ ಬಿಗಿಯಾಗಿ ಕೆಳಗೆ ಎಳೆಯಿರಿ. ಕಾಲು ಸುತ್ತು ತಿರುಗಿಸಿ ಮತ್ತೆ ಎಳೆಯಿರಿ. ಇಳಿದ ಬಣ್ಣವನ್ನು ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ಸುರಿದರೆ ಅದು ನಾಳೆಯ ಬಣ್ಣ. ಈ ಕೆಲಸ ಬಳಿಯುವುದು ನಿಂತ ಗಳಿಗೆಯಲ್ಲೇ ಆಗಬೇಕು. ಊಟ ಮಾಡಿ ಬಂದು ನೋಡೋಣ ಎಂದರೆ ಕೆಟ್ಟಿತು. ಈಗಿನ ನೀರುಬಣ್ಣದೊಳಗೆ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳಿರುತ್ತವೆ. ನೀರು ಆರಿದೊಡನೆ ಅವು ಒಂದಕ್ಕೊಂದು ಅಂಟಿ ಪದರವಾಗುತ್ತವೆ. ಒಮ್ಮೆ ಅಂಟಿದ ಮೇಲೆ ಹೊಳೆಯ ನೀರು ತಂದರೂ ಕರಗುವುದಿಲ್ಲ. ಸುಣ್ಣವೂ ಹಾಗೆಯೇ, ಗಾಳಿ ಕುಡಿದು ಕಲ್ಲಾಗುತ್ತದೆ. ಅದೇ ಬಣ್ಣವನ್ನು ಮರುದಿನವೂ ಬಳಿಯುವುದಿದ್ದರೆ ತೊಳೆಯುವುದೇ ಬೇಡ: ಹೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ನೆರಳಿನಲ್ಲಿ ಇಟ್ಟರಾಯಿತು. ಅಳಿಯನಿಗೆ ಇದು ಗೊತ್ತಿದ್ದೂ ಅಮ್ಮನ ಬೈಗುಳ ಕೇಳಿದ್ದೇಕೋ ನಾನರಿಯೆ.

ಕಮ್ಮಾರರು ಹತ್ತಿರ ಇಲ್ಲದವರಿಗೆ ಇನ್ನೊಂದು ಉಪಾಯವುಂಟು. ಬೋರಿನ ಪಿ.ವಿ.ಸಿ. ಪೈಪಿನ ತುಂಡುಗಳು ಹೊಲದ ಬದುವಿನಲ್ಲಿ ಬಿದ್ದಿರುತ್ತವಲ್ಲ, 63 ಮಿಲಿಮೀಟರಿನದೊಂದು, 50ರದೊಂದು ಗೇಣುದ್ದ ಕತ್ತರಿಸಿ, ಉದ್ದಕ್ಕೆ ಎರಡು ಹೋಳು ಮಾಡಿರಿ. 63 ಎಂಬುದು ಪೈಪಿನ ಹೊರ ಅಳತೆ. ಒಳಗಿನ ದುಂಡು ಅದಕ್ಕಿಂತ ನಾಲ್ಕೈದು ಮಿಲಿಮೀಟರ್ ಕಡಿಮೆ. ಮೊದಲು ದೊಡ್ಡ ಹೋಳಿನಿಂದ ಮೇಲಿನ ಬಣ್ಣ ಇಳಿಸಿ, ಆಮೇಲೆ ಸಣ್ಣದರಿಂದ ಮೆಲ್ಲಗೆ ಒತ್ತಿ ಎಳೆಯಬೇಕು. ಪಟ್ಟಿಯಷ್ಟು ಬಾಳಿಕೆ ಇಲ್ಲ, ಬಿಗಿ ಒತ್ತಿದರೆ ಬಾಯಿ ಅಗಲಿಸುತ್ತದೆ. ಖರ್ಚೂ ಇಲ್ಲ.

ಮೂರು ತಂಬಿಗೆಯ ಲೆಕ್ಕ

ಹೆರೆದ ಮೇಲೆ ನೀರು. ಇಲ್ಲಿಯೂ ಒಂದು ಲೆಕ್ಕವಿದೆ. ಹೆರೆಯದ ರೋಲರಿನಲ್ಲಿ 200 ಮಿಲಿಲೀಟರ್ ಬಣ್ಣವಿದೆ, ಆರು ಲೀಟರ್ ನೀರಿನಲ್ಲಿ ಒಮ್ಮೆಲೇ ಅದ್ದಿ ಚೆನ್ನಾಗಿ ಕಲಕಿದಿರಿ ಎನ್ನೋಣ. ಒಳಗೆ ಉಳಿದ ನೀರಿನಲ್ಲಿ ಬಣ್ಣ 31ರಲ್ಲಿ ಒಂದು ಪಾಲು ಇನ್ನೂ ಇದೆ. ಈಗ ಹೆರೆದು 50 ಮಿಲಿಲೀಟರಿಗೆ ಇಳಿಸಿರಿ. ಅದೇ ಆರು ಲೀಟರನ್ನು ಎರಡೆರಡು ಲೀಟರಿನಂತೆ ಮೂರು ಪಾಲು ಮಾಡಿರಿ. ಮೊದಲ ಪಾಲಿನಲ್ಲಿ ಅದ್ದಿದಾಗ 41ರಲ್ಲಿ ಒಂದು ಪಾಲು. ಮತ್ತೆ ಪಟ್ಟಿಯಿಂದ ಹೆರೆದು ಎರಡನೆಯದರಲ್ಲಿ ಅದ್ದಿದರೆ 41ರ 41, ಅಂದರೆ 1,681ರಲ್ಲಿ ಒಂದು. ಮೂರನೆಯದಕ್ಕೆ ಬರುವಷ್ಟರಲ್ಲಿ 68,921ರಲ್ಲಿ ಒಂದು! ನೀರು ಅಷ್ಟೇ, ಒಂದು ಹನಿ ಹೆಚ್ಚಿಲ್ಲ. ಎರಡೇ ಪಾಲಿಗೆ ನಿಲ್ಲಿಸಿದರೂ ಮೊದಲಿನದಕ್ಕಿಂತ ಐವತ್ತು ಪಟ್ಟು ಚೊಕ್ಕಟ. ಇದು ಕಾಗದದ ಮೇಲಿನ ಲೆಕ್ಕ. ಕುಚ್ಚಿನ ಬುಡದಲ್ಲಿ ಬಣ್ಣ ಅಡಗಿರುತ್ತದೆ, ನೀರಿನೊಳಗೆ ಬೆರಳಿನಿಂದ ಹಿಸುಕದೆ ಅದು ಬಿಡುವುದಿಲ್ಲ. ಆದರೂ ಎರಡು ಕೊಡದ ಕೆಲಸ ಅರ್ಧ ಕೊಡಕ್ಕಿಂತ ಕಡಿಮೆಯಲ್ಲಿ ಆಯಿತೆಂಬುದಕ್ಕೆ ಅಕ್ಕನೇ ಸಾಕ್ಷಿ. ಮೊದಲ ಪಾಲಿನ ದಟ್ಟ ನೀರನ್ನು ಚೆಲ್ಲಬೇಡಿ, ಮರುದಿನ ಅದೇ ಬಣ್ಣದ ಮೊದಲ ಕೋಟಿಗೆ ನೀರು ಬೆರೆಸುವುದಿದ್ದರೆ ಅದನ್ನೇ ಬೆರೆಸಬಹುದು. ಒಂದು ದಿನಕ್ಕಿಂತ ಹೆಚ್ಚು ಇಟ್ಟರೆ ಹಳಸಿ ನಾರುತ್ತದೆ.

ತೊಳೆದ ರೋಲರನ್ನು ಒಣಗಿಸುವುದಕ್ಕೆ ಪಟ್ಟಣದಲ್ಲಿ ಗಿರಗಿರನೆ ತಿರುಗಿಸುವ ಕೈಯಂತ್ರವೊಂದು ಸಿಗುತ್ತದೆ. ಒತ್ತಿದರೆ ಬುಗುರಿಯಂತೆ ತಿರುಗಿ ನೀರನ್ನು ಎಸೆಯುತ್ತದೆ. ಅದನ್ನು ಕಂಡ ಅಕ್ಕನ ಅತ್ತೆ, “ಇದು ಮಜ್ಜಿಗೆ ಕಡೆಯೋ ಕೋಲಲ್ಲೇನೋ?” ಎಂದು ಅಳಿಯನನ್ನು ಕೇಳಿದರು. ಮುದುಕಿಯ ಮಾತು ನಿಜ. ಕವಣೆಯಲ್ಲಿ ಕಲ್ಲು ಹಾರುವುದೂ, ಕಡೆಗೋಲು ಮೊಸರನ್ನು ಸುತ್ತಲೂ ಎಸೆಯುವುದೂ ಇದೇ ಬಲದಿಂದ.

ನಾವು ಹೀಗೆ ಮಾಡಿದೆವು. 15 ಕಿಲೋ ಎಣ್ಣೆಯ ಖಾಲಿ ಡಬ್ಬದ ಮೇಲಿನ ತಗಡು ತೆಗೆದು, ತಳದಲ್ಲಿ ಕುಳಿ ತೋಡಿದ ಹಲಗೆಯ ತುಂಡನ್ನು ಇಟ್ಟೆವು. ಮೂರು ಸೆಂಟಿಮೀಟರ್ ದಪ್ಪದ ಕೋಲಿನ ಕೆಳತುದಿಯನ್ನು ಮೊನೆ ಮಾಡಿ ಆ ಕುಳಿಗೆ ಊರಿ, ಕೋಲಿಗೆ ಗೋಣಿನಾರು ಸುತ್ತಿ ರೋಲರಿನ ಕೊಳವೆಯನ್ನು ಬಿಗಿಯಾಗಿ ತೊಡಿಸಿ, ಡಬ್ಬದ ಬಾಯಿಗೆ ಅಡ್ಡವಾಗಿ ತೂತಿನ ಹಲಗೆಯೊಂದನ್ನು ಕಟ್ಟಿ ಕೋಲನ್ನು ಅದರ ಮೂಲಕ ಮೇಲೆ ತಂದೆವು. ಮೇಲೆ ಉಳಿದ ಕೋಲಿಗೆ ಹಗ್ಗ ಎರಡು ಸುತ್ತು. ಕೋಲಿನ ಸುತ್ತಳತೆ ಒಂಬತ್ತೂವರೆ ಸೆಂಟಿಮೀಟರ್. ಒಂದು ಮೊಳಕ್ಕಿಂತ ತುಸು ಹೆಚ್ಚು ಎಳೆದರೆ ಆರು ಸುತ್ತು. ಅರ್ಧ ಸೆಕೆಂಡಿನಲ್ಲಿ ಎಳೆದಿರೋ, ಕುಚ್ಚಿನ ತುದಿಯ ಹನಿಯ ಮೇಲೆ ಬೀಳುವ ಬಲ ಅದರ ತೂಕದ ಹದಿನೆಂಟು ಪಟ್ಟಾಗುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಮಡಿ. ಹತ್ತು ಎಳೆತಕ್ಕೆ ಹನಿ ನಿಂತಿತು. ಡಬ್ಬದ ಗೋಡೆ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಹಲಗೆ ಸಡಿಲವಾಗಿದ್ದರೆ ಮಾತ್ರ ಮತ್ತೊಂದು ಪಂಚೆ ಕೆಡುತ್ತದೆ. ಮನೆಯ ಮಜ್ಜಿಗೆ ಕೋಲನ್ನೂ ಹಗ್ಗವನ್ನೂ ಇದಕ್ಕೆ ತೆಗೆದುಕೊಳ್ಳಲೇಕೂಡದು, ಬೇರೆಯದೇ ಇರಲಿ. ಒಣಗಿದ ರೋಲರನ್ನು ಮಲಗಿಸದೆ ನಿಲ್ಲಿಸಿ ಇಡಿ. ಮಲಗಿಸಿದರೆ ಒಂದು ಮಗ್ಗುಲಿನ ಕುಚ್ಚು ಚಪ್ಪಟೆಯಾಗುತ್ತದೆ.

ಎಣ್ಣೆಬಣ್ಣ, ಹತ್ತಿ, ಕರು

ಬಾಗಿಲು, ಬಂಡಿ, ಟ್ರ್ಯಾಕ್ಟರಿನ ಟ್ರಾಲಿಗೆ ಬಳಿಯುವ ಎಣ್ಣೆಬಣ್ಣದ ಮಾತೇ ಬೇರೆ. ಅದಕ್ಕೆ ನೀರು ತಾಗದು, ಟರ್ಪೆಂಟೈನ್ ಬೇಕು. ಹೆರೆಪಟ್ಟಿ ಇಲ್ಲಿ ಇನ್ನೂ ಹೆಚ್ಚು ಉಪಯುಕ್ತ, ಏಕೆಂದರೆ ಟರ್ಪೆಂಟೈನಿಗೆ ನೀರಿಗಿಂತ ರೊಕ್ಕ ಹೆಚ್ಚು. ಬಳಸಿದ್ದನ್ನು ಸೀಸೆಯಲ್ಲಿ ಮುಚ್ಚಿಟ್ಟರೆ ಒಂದೆರಡು ದಿನಕ್ಕೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮತ್ತೊಮ್ಮೆ ತೊಳೆಯಲು ಬರುತ್ತದೆ. ಈ ಡಬ್ಬಿಗಳ ಮೇಲಿನ ಎಚ್ಚರಿಕೆಯ ಬರಹ ಕನ್ನಡದಲ್ಲಿರುವುದು ಅಪರೂಪವಾದ್ದರಿಂದ ಎರಡು ಮಾತು ಇಲ್ಲಿ ಹೇಳಲೇಬೇಕು.

ಒಂದು, ಬೆಂಕಿ. ಎಣ್ಣೆಬಣ್ಣ ಒಣಗುವುದೆಂದರೆ ಅದರ ಎಣ್ಣೆ ಗಾಳಿಯನ್ನು ಹೀರುವುದು. ಹಾಗೆ ಹೀರುವಾಗ ಕಾವು ಹುಟ್ಟುತ್ತದೆ. ಗೋಡೆಯ ಮೇಲೆ ತೆಳ್ಳಗೆ ಇರುವಾಗ ಆ ಕಾವು ಚದರಿ ಹೋಗುತ್ತದೆ. ಆದರೆ ಬಣ್ಣ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಕಾವು ಒಳಗೇ ಕೂಡಿ, ಕಿಡಿ ತಾಗಿಸದೆಯೂ ತಾನಾಗಿ ಹೊತ್ತಿಕೊಳ್ಳಬಹುದು. ಅಗಸೆ ಎಣ್ಣೆಯ ಬಟ್ಟೆಗಂತೂ ಈ ಗುಣ ಹೆಚ್ಚು. ನಮ್ಮ ಸೀಮೆಯಲ್ಲಿ ದೀಪಾವಳಿಗೆ ಮನೆ ಬಣ್ಣ ಮಾಡುತ್ತಾರೆ; ಅದಾಗಿ ಹತ್ತನೆಯ ದಿನ, ಕಾರ್ತಿಕ ಶುದ್ಧ ದಶಮಿಗೆ, ಚಿಪ್ಪಗಿರಿಯಲ್ಲಿ ದಾಸರ ಆರಾಧನೆ. ಅದೇ ಹೊತ್ತಿಗೆ ಬಿಡಿಸಿದ ಹತ್ತಿ ಪಡಸಾಲೆಯಲ್ಲಿ ರಾಶಿ ಬಿದ್ದಿರುತ್ತದೆ. ಎಣ್ಣೆಬಟ್ಟೆಯ ಮುದ್ದೆ, ಪಕ್ಕದಲ್ಲಿ ಹತ್ತಿ! ಅಂಥ ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು. ಹತ್ತಿಯ ಮನೆಯೊಳಕ್ಕೆ ತರಬಾರದು.

ಎರಡನೆಯದು ಸೀಸ. ಗೃಹೋಪಯೋಗಿ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಕೂಡದೆಂಬ ಭಾರತ ಸರ್ಕಾರದ ನಿಯಮ 2016ರಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಅದಕ್ಕೆ ಹಿಂದಿನ ಡಬ್ಬಿಗಳೂ, ಬಂಡಿ ಬಾಗಿಲುಗಳ ಮೇಲಿನ ಹಳೆಯ ಪದರಗಳೂ ಇನ್ನೂ ನಮ್ಮ ಮನೆಗಳಲ್ಲಿವೆ. ಸೀಸದ ಬಣ್ಣ ನಾಲಿಗೆಗೆ ಸಿಹಿ. ದನಗಳು, ಅದರಲ್ಲೂ ಕರುಗಳು, ಬಿಡದೆ ನೆಕ್ಕುತ್ತವೆ. ನಮ್ಮ ಮನೆಯಲ್ಲಿ ಆ ನಿಯಮ ಬರುವುದಕ್ಕೆ ಬಹಳ ಹಿಂದೆ ಬಂಡಿಗೆ ಬಳಿದು ಉಳಿದ ಕೆಂಪು ಬಣ್ಣದ ಡಬ್ಬಿಯನ್ನು ಹಿತ್ತಿಲಲ್ಲಿ ಬಿಟ್ಟಿದ್ದೆವು. ಕಂದು ಬಣ್ಣದ ಒಂದು ಹೋರಿಗರು ಅದನ್ನು ನೆಕ್ಕಿ, ಎರಡನೆಯ ದಿನ ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಂತು, ಹಲ್ಲು ಕಡಿದು, ನಡುಗಿ ಬಿತ್ತು. ದನದ ಡಾಕ್ಟರು ಬರುವ ಹೊತ್ತಿಗೆ ಮುಗಿದಿತ್ತು. ಅದರ ಜೊತೆಯ ಕರು ಉಳಿದು ಮುಂದೆ ಒಂಟಿಯಾಗಿಯೇ ಮಾರಾಟವಾಯಿತು. ಇಂಥ ಲಕ್ಷಣ ಕಂಡೊಡನೆ ನೆಕ್ಕಿದ ಡಬ್ಬಿಯನ್ನೂ ತೋರಿಸಿ ಪಶುವೈದ್ಯರನ್ನು ಕರೆಯಬೇಕು. ಹಳೆಯ ಬಣ್ಣವನ್ನು ಒಣಗಿಸಿ ಉಜ್ಜಿ ಧೂಳೆಬ್ಬಿಸದೆ, ನೀರು ಚಿಮುಕಿಸಿ ಕೆರೆದು, ಹಕ್ಕಳೆಯನ್ನು ಗೋಣಿಯ ಮೇಲೆ ಕೂಡಿಸಿ ಮಕ್ಕಳೂ ದನವೂ ಮುಟ್ಟದ ಕಡೆ ಕಟ್ಟಿಡಬೇಕು.

ರೋಲರು ತೊಳೆದ ನೀರನ್ನು ದನದ ತೊಟ್ಟಿಯ ಹತ್ತಿರವಾಗಲಿ, ಬಾವಿಯ ಕಟ್ಟೆಯ ಮೇಲಾಗಲಿ, ಕಾಲುವೆಗಾಗಲಿ ಬಿಡುವುದು ತರವಲ್ಲ. ಹಳೆಯ ಡಬ್ಬಿಯಲ್ಲಿ ನಿಲ್ಲಿಸಿರಿ. ಬಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಬಾವಿಗೆ ದೂರವಾದ ಬೆಳೆಯಿಲ್ಲದ ಜಾಗದ ಗುಂಡಿಗೆ ಸುರಿದು, ತಳದ ಗಸಿಯನ್ನು ಒಣಗಿಸಿ ಕಟ್ಟಿಡಿ. ಹೆರೆಪಟ್ಟಿಯಿಂದ ಆ ನೀರು ಆರು ಲೀಟರಿಗೆ ಇಳಿದಿರುವುದರಿಂದ ಇದು ಈಗ ಒಂದು ಡಬ್ಬಿಯ ಕೆಲಸ. ಎರಡು ಕೊಡ ನೀರನ್ನು ಹಾಗೆ ನಿಲ್ಲಿಸಿಟ್ಟುಕೊಳ್ಳಿ ಎಂದರೆ ಯಾರು ಕೇಳುತ್ತಿದ್ದರು?

ಮದುವೆ ಮುಗಿದು ಅಳಿಯ ಬೆಂಗಳೂರಿಗೆ ಹೊರಟಾಗ ಪಟ್ಟಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಹೋದ. ಅಕ್ಕನಿಗೆ ಪೈಪಿನ ಹೋಳುಗಳೇ ಗತಿಯಾದವು. ಮೊನ್ನೆ ಅವನು ಫೋನು ಮಾಡಿ, ಜೊತೆಯ ಹುಡುಗರು ಕೇಳುತ್ತಿದ್ದಾರೆ, ಇನ್ನೆರಡು ಮಾಡಿಸಿ ಕಳಿಸು ಮಾವ ಎಂದ. ಒಂದು 9 ಅಂಗುಲದ್ದಕ್ಕೆ, ಇನ್ನೊಂದು 4 ಅಂಗುಲದ ಸಣ್ಣ ರೋಲರಿಗೆ. ಸಣ್ಣದರ ಕೊಳವೆ ಎಷ್ಟು ದಪ್ಪವೆಂದು ಕೇಳುವಷ್ಟರಲ್ಲಿ ಫೋನು ಇಟ್ಟುಬಿಟ್ಟ. ಕಮ್ಮಾರರು ರಟ್ಟಿಗಾಗಿ ಕಾಯುತ್ತಿದ್ದಾರೆ.